ಗಿಡಗಳಿಗೆ ನೀರೆರೆಯುವ ಬಗೆಗಳು: ಹಿತ್ತಿಲಿನಲ್ಲಿ ಮಾಡಿ ನೋಡತಕ್ಕ ಒಂದು ಪ್ರಯೋಗ

ಗಿಡಕ್ಕೆ ನೀರು ಹಾಕುವುದು ಯಾರಿಗೂ ಕಲಿಸಬೇಕಾದ ವಿದ್ಯೆಯಲ್ಲವೆಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುವರು. ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ ಸುರಿದರೆ ಕೆಲಸ ಮುಗಿಯಿತೆಂಬುದೇ ವಾಡಿಕೆ. ಆದರೆ ಸುರಿದ ನೀರೆಲ್ಲವೂ ಗಿಡಕ್ಕೆ ಸೇರಿತೋ, ಅಥವಾ ಅದರಲ್ಲಿ ಬಹುಭಾಗವು ಬಿಸಿಲಿಗೆ ಆವಿಯಾಗಿಯೂ ಬೇರಿಗೆ ನಿಲುಕದ ಆಳಕ್ಕೆ ಇಳಿದೂ ಹೋಯಿತೋ ಎಂದು ವಿಚಾರಿಸುವವರು ವಿರಳ. ಈ ಪ್ರಶ್ನೆಗೆ ಪುಸ್ತಕಗಳು ಅರ್ಧ ಉತ್ತರವನ್ನು ಮಾತ್ರ ಕೊಡಬಲ್ಲವು; ಉಳಿದರ್ಧವು ಅವರವರ ಹಿತ್ತಿಲಿನ ಮಣ್ಣಿನಲ್ಲಿಯೇ ಇರುವುದು. ಆದುದರಿಂದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ತಮ್ಮ ಮಕ್ಕಳೊಡನೆ ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವನ್ನು ಈ ಪಾಠದಲ್ಲಿ ವಿವರಿಸಿದೆ. ಇದಕ್ಕೆ ಬೆಲೆಯುಳ್ಳ ಸಲಕರಣೆಗಳು ಬೇಡ. ಅಳೆಯುವ ತಾಳ್ಮೆಯೂ ಬರೆದಿಡುವ ಅಭ್ಯಾಸವೂ ಇದ್ದರೆ ಸಾಕು.

1. ಈ ಪ್ರಶ್ನೆ ಏತಕ್ಕೆ?

ರಾಮಸಮುದ್ರವೆಂಬ ಊರಿನ ಹೆಸರಿನಲ್ಲಿಯೇ ಸಮುದ್ರವುಂಟು. ದೊಡ್ಡ ಕೆರೆಗಳಿಗೂ ಕೆರೆಗಳ ಆಸರೆಯ ಊರುಗಳಿಗೂ ಸಮುದ್ರ, ಸಾಗರ ಎಂದು ಹೆಸರಿಡುವುದು ಕನ್ನಡ ನಾಡಿನ ಹಳೆಯ ಪದ್ಧತಿ. ನೀರು ಯಾವಾಗಲೂ ಸಮುದ್ರದಷ್ಟು ಇದ್ದುದರಿಂದ ಹೀಗೆ ಹೆಸರಿಟ್ಟರೆಂದು ತಿಳಿಯಬಾರದು. ಮಳೆಗಾಲದ ನೀರನ್ನು ಹಿಡಿದಿಡದಿದ್ದರೆ ಬದುಕಿಲ್ಲವೆಂಬುದನ್ನು ಹಿರಿಯರು ಬಲ್ಲವರಾಗಿದ್ದರು. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಮಳೆಯು ಮುಖ್ಯವಾಗಿ ಜೂನ್ ತಿಂಗಳಿನಿಂದ ಅಕ್ಟೋಬರಿನವರೆಗೆ ಬೀಳುವುದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು. ಆಗ ಹಿತ್ತಿಲಿನ ಬದನೆ, ಮೆಣಸು, ಕರಿಬೇವು, ಮಲ್ಲಿಗೆಗಳನ್ನು ಉಳಿಸಿಕೊಳ್ಳುವುದೇ ಕಷ್ಟ.

ಆ ನೀರನ್ನು ಹೊರುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯೂ ಯೂನಿಸೆಫ್ ಸಂಸ್ಥೆಯೂ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮನೆಯ ಆವರಣದಲ್ಲಿ ನೀರಿಲ್ಲದ ಪ್ರತಿ 10 ಕುಟುಂಬಗಳ ಪೈಕಿ 7ರಲ್ಲಿ ನೀರು ತರುವ ಹೊಣೆಯು ಹೆಂಗಸರ ಮತ್ತು ಹೆಣ್ಣುಮಕ್ಕಳ ಮೇಲೆಯೇ ಬಿದ್ದಿದೆ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನಿಂದ ಹಳ್ಳಿಯ ಅನೇಕ ಮನೆಗಳಿಗೆ ನಳ ಬಂದಿದೆ. ಆದರೆ ಬೇಸಗೆಯಲ್ಲಿ ನಳ ನಿಂತ ದಿನ ಕೊಡವು ಮತ್ತೆ ಮಗಳ ತಲೆಯನ್ನೇರುವುದೆಂಬುದನ್ನು ತಾಯಂದಿರಿಗೆ ಹೇಳಬೇಕಾದುದಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ನೀರಿನ ಜಾಗವು ಮನೆಯಿಂದ 200 ಹೆಜ್ಜೆ ದೂರವಿದೆಯೆಂದು ಇಟ್ಟುಕೊಳ್ಳಿರಿ. ಒಂದು ಕೊಡಕ್ಕೆ ಹೋಗಿ ಬರಲು 400 ಹೆಜ್ಜೆ. ನೀರೆರೆಯುವ ಬಗೆಯನ್ನು ಬದಲಿಸಿ ದಿನಕ್ಕೆ ಒಂದೇ ಒಂದು ಕೊಡವನ್ನು ಉಳಿಸಿದರೆ, ಬೇಸಗೆಯ 90 ದಿನಗಳಲ್ಲಿ 36,000 ಹೆಜ್ಜೆ ಉಳಿಯುವುದು. ಹೆಜ್ಜೆಗೆ 60 ಸೆಂಟಿಮೀಟರಿನಂತೆ ಇದು 21 ಕಿಲೋಮೀಟರಿಗೂ ಮೇಲಾಯಿತು. ಅದರಲ್ಲಿ ಅರ್ಧ ದಾರಿಯನ್ನು 12 ಲೀಟರಿನ ಕೊಡವಾದರೆ 12 ಕಿಲೋಗ್ರಾಂ ನೀರಿನ ಭಾರವನ್ನು ಹೊತ್ತೇ ನಡೆಯಬೇಕು. ಗಿಡಕ್ಕೆ ನೀರೆರೆಯುವ ಬಗೆಯು ತೋಟದ ವಿಷಯ ಮಾತ್ರವಲ್ಲ, ಹುಡುಗಿಯೊಬ್ಬಳ ಓದಿನ ಹೊತ್ತಿನ ವಿಷಯವೂ ಹೌದೆಂಬುದು ಇದರಿಂದ ತಿಳಿಯುವುದು.

2. ಎರೆದ ನೀರು ಎಲ್ಲಿಗೆ ಹೋಗುವುದು?

ನೆಲಕ್ಕೆ ಬಿದ್ದ ನೀರಿಗೆ ಮುಖ್ಯವಾಗಿ ಮೂರು ದಾರಿಗಳುಂಟು. ಒಂದು ಪಾಲು ಮಣ್ಣಿನ ಮೇಲ್ಮೈಯಿಂದ ಆವಿಯಾಗಿ ಹೋಗುವುದು. ಇನ್ನೊಂದು ಪಾಲು ಬೇರುಗಳನ್ನು ದಾಟಿ ಆಳಕ್ಕೆ ಇಳಿಯುವುದು. ಮೂರನೆಯ ಪಾಲು ಬೇರಿನಿಂದ ಕಾಂಡಕ್ಕೂ ಕಾಂಡದಿಂದ ಎಲೆಗೂ ಏರಿ, ಎಲೆಯ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೊರಬೀಳುವುದು. ಗಿಡಕ್ಕೆ ಉಪಯೋಗವಾಗುವುದು ಈ ಮೂರನೆಯ ಪಾಲು ಮಾತ್ರ. ಮೊದಲಿನ ಎರಡು ಪಾಲುಗಳನ್ನು ಕುಗ್ಗಿಸುವುದೇ ಒಳ್ಳೆಯ ನೀರಾವರಿಯ ಗುಟ್ಟು.

ಗಿಡವು ಎಷ್ಟು ನೀರನ್ನು ಉಪಯೋಗಿಸುವುದೆಂಬುದನ್ನು ತೂಗಿ ಕಂಡವರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಪ್ರಸಿದ್ಧರು. ಅವರು ಸೂರ್ಯಕಾಂತಿ ಗಿಡವೊಂದನ್ನು ಕುಂಡದಲ್ಲಿ ಬೆಳೆಸಿ, ಮಣ್ಣಿನಿಂದ ಆವಿ ಹೋಗದಂತೆ ಕುಂಡದ ಬಾಯಿಯನ್ನು ಸೀಸದ ತಗಡಿನಿಂದ ಮುಚ್ಚಿ, ದಿನವೂ ತೂಗಿದರು. ಹಗಲಿನ ಹನ್ನೆರಡು ತಾಸುಗಳಲ್ಲಿ ಆ ಗಿಡವು ಸರಾಸರಿ 1 ಪೌಂಡು 4 ಔನ್ಸು, ಎಂದರೆ ಸುಮಾರು 560 ಗ್ರಾಂ ನೀರನ್ನು ಎಲೆಗಳ ಮೂಲಕ ಬಿಡುತ್ತಿತ್ತು. ಇದನ್ನು ಅವರು 1727ರಲ್ಲಿ ಪ್ರಕಟಿಸಿದರು.

ಅವರಿಗಿಂತ ಮುಂಚೆ ವಾನ್ ಹೆಲ್ಮಾಂಟ್ ಎಂಬ ವೈದ್ಯರು ಇನ್ನೊಂದು ಪ್ರಯೋಗವನ್ನು ನಡೆಸಿದ್ದರು. 200 ಪೌಂಡು ಒಣಮಣ್ಣಿನಲ್ಲಿ 5 ಪೌಂಡು ತೂಕದ ವಿಲೋ ಸಸಿಯನ್ನು ನೆಟ್ಟು, ಐದು ವರ್ಷ ನೀರನ್ನು ಮಾತ್ರ ಎರೆದು ತೂಗಿದಾಗ, ಮರವು ಸುಮಾರು 169 ಪೌಂಡು ಆಗಿತ್ತು. ಮಣ್ಣು ಕಡಿಮೆಯಾದುದು ಕೇವಲ 2 ಔನ್ಸು. ಅವರ ಮರಣಾನಂತರ 1648ರಲ್ಲಿ ಇದು ಪ್ರಕಟವಾಯಿತು. ಮರವೆಲ್ಲವೂ ನೀರಿನಿಂದಲೇ ಆದುದೆಂದು ಅವರು ತೀರ್ಮಾನಿಸಿದರು. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡಿನಿಂದಲೂ ಗಿಡವು ತನ್ನ ದೇಹವನ್ನು ಕಟ್ಟಿಕೊಳ್ಳುವುದೆಂಬುದು ಆ ಕಾಲಕ್ಕೆ ತಿಳಿದಿರಲಿಲ್ಲ. ತೀರ್ಮಾನವು ಪೂರ್ಣವಲ್ಲದಿದ್ದರೂ ಅವರ ತೂಕದ ಅಂಕಿಗಳು ಇಂದಿಗೂ ಬೆಲೆಯುಳ್ಳವಾಗಿವೆ. ಪ್ರಾಮಾಣಿಕವಾಗಿ ಅಳೆದು ಬರೆದಿಟ್ಟುದು ಮುಂದಿನವರಿಗೆ ಆಧಾರವಾಗುವುದೆಂಬ ಪಾಠವನ್ನು ನಾವು ಇದರಿಂದ ಕಲಿಯತಕ್ಕದ್ದು.

3. ಪರೀಕ್ಷಿಸತಕ್ಕ ಐದು ಬಗೆಗಳು

(ಅ) ಮೇಲಿನಿಂದ ಚಿಮುಕಿಸುವುದು. ಸಣ್ಣ ರಂಧ್ರಗಳುಳ್ಳ ಝಾರಿಯಿಂದ ಎಲೆ, ಮಣ್ಣುಗಳೆರಡರ ಮೇಲೂ ಮಳೆಯಂತೆ ಎರೆಯುವುದು.

(ಆ) ಪಾತಿ. ಗಿಡಗಳ ಸುತ್ತಲೂ ಮಣ್ಣನ್ನು ತಗ್ಗು ಮಾಡಿ, ಅಂಚನ್ನು ಕಟ್ಟಿ, ಬುಡಕ್ಕೆ ನೀರು ಹಾಕುವುದು.

(ಇ) ಹೊದಿಕೆಯುಳ್ಳ ಪಾತಿ. ಮೇಲಿನಂತೆಯೇ ಪಾತಿ ಮಾಡಿ, ಅದರ ಮೇಲೆ ನಾಲ್ಕು ಬೆರಳು ದಪ್ಪನಾಗಿ ಒಣಗಿದ ಎಲೆಯನ್ನಾಗಲಿ ತೊಗರಿಯ ಹೊಟ್ಟನ್ನಾಗಲಿ ಶೇಂಗಾ ಸಿಪ್ಪೆಯನ್ನಾಗಲಿ ಹರಡುವುದು. ಹೊದಿಕೆಯು ಕಾಂಡಕ್ಕೆ ತಗಲಬಾರದು.

(ಈ) ಹೂತಿಟ್ಟ ಗಡಿಗೆ. ಐದಾರು ಲೀಟರು ಹಿಡಿಯುವ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚುವುದು. ಬೇಸಗೆಯಲ್ಲಿ ಕುಡಿಯುವ ನೀರನ್ನು ತಂಪಾಗಿಡುವ ಮಡಿಕೆಯ ಗುಣವೇ ಇಲ್ಲಿ ಕೆಲಸಕ್ಕೆ ಬರುವುದು. ಮಡಿಕೆಯ ಮೈಯಿಂದ ಜಿನುಗಿದ ನೀರು ಹೊರಗೆ ಆವಿಯಾಗಿ ಒಳಗನ್ನು ತಂಪು ಮಾಡುವುದು. ನೆಲದೊಳಗಾದರೋ ಹಾಗೆ ಜಿನುಗಿದ ನೀರನ್ನು ಸುತ್ತಲಿನ ಮಣ್ಣು ಹೀರುವುದು. ಮಣ್ಣು ಒಣಗಿದಂತೆಲ್ಲ ಹೆಚ್ಚು ಹೀರುವುದು, ತೇವವಿದ್ದಾಗ ಕಡಿಮೆ ಹೀರುವುದು.

(ಉ) ಹನಿ. ಡಬ್ಬಿಯ ತಳಕ್ಕೆ ಸೂಜಿಯಿಂದ ಒಂದು ರಂಧ್ರ ಮಾಡಿ, ಪ್ರತಿ ಗಿಡದ ಬುಡದಲ್ಲಿ ಒಂದೊಂದನ್ನು ಕೋಲಿಗೆ ಕಟ್ಟುವುದು. ರಂಧ್ರವು ಕಟ್ಟಿಕೊಳ್ಳದಂತೆ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬತಕ್ಕದ್ದು.

ಇವುಗಳಲ್ಲಿ ಗಡಿಗೆಯ ಬಗೆಯು ಬಹು ಪುರಾತನವಾದುದು. ಚೀನಾ ದೇಶದಲ್ಲಿ ಕ್ರಿ. ಪೂ. ಮೊದಲನೆಯ ಶತಮಾನದ ಫಾನ್ ಶೆಂಗ್‌ಝಿ ಎಂಬವರ ಕೃಷಿಗ್ರಂಥದಲ್ಲಿ, ನೆಲಕ್ಕೆ ಸಮನಾಗಿ ಗಡಿಗೆಯನ್ನು ಹೂತು, ಅದರ ಸುತ್ತಲೂ ಕರಬೂಜದ ಜಾತಿಯ ಬೀಜಗಳನ್ನು ಬಿತ್ತಿ, ಬಾಯಿಗೆ ಹೆಂಚು ಮುಚ್ಚುವ ವಿಧಾನವಿದೆ. ನಮ್ಮ ದೇಶದಲ್ಲಿ ಹರಿಯಾಣದ ಕರ್ನಾಲಿನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಆರ್. ಸಿ. ಮಂಡಲ್ ಅವರು 1970ರ ದಶಕದಲ್ಲಿ ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಹನಿಯ ಬಗೆಯು ಇಂದಿನ ರೂಪಕ್ಕೆ ಬಂದುದು ಇಸ್ರೇಲಿನಲ್ಲಿ. ಅಲ್ಲಿಯ ಸಿಂಖಾ ಬ್ಲಾಸ್ ಎಂಬ ಎಂಜಿನಿಯರು ರೂಪಿಸಿದ ಪ್ಲಾಸ್ಟಿಕ್ ಕೊಳವೆಯ ಹನಿ ಸಾಧನವನ್ನು 1960ರ ದಶಕದಲ್ಲಿ ಹಾತ್ಸೆರಿಮ್ ಎಂಬ ಸಾಮೂಹಿಕ ವಸತಿಯಲ್ಲಿ ತಯಾರಿಸತೊಡಗಿದರು. ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯಲ್ಲಿ ಇದೇ ತತ್ತ್ವದಿಂದ ಸುಮಾರು 24,000 ಹೆಕ್ಟೇರು ಹೊಲಗಳಿಗಾಗಿ ರಾಮಥಾಳ ಹನಿ ನೀರಾವರಿ ಯೋಜನೆಯನ್ನು ಕೈಗೊಂಡರು. ಡಬ್ಬಿಯ ಸೂಜಿರಂಧ್ರಕ್ಕೂ ಆ ದೊಡ್ಡ ಯೋಜನೆಗೂ ಮೂಲತತ್ತ್ವ ಒಂದೇ.

4. ಪ್ರಯೋಗದ ವಿಧಾನ

ಒಂದೇ ಬಿಸಿಲು ಬೀಳುವ ನೆಲದಲ್ಲಿ ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಹತ್ತು ಮಡಿಗಳನ್ನು ಮಾಡಿರಿ. ಎಲ್ಲಕ್ಕೂ ಒಂದೇ ಅಳತೆಯ ತಿಪ್ಪೆಗೊಬ್ಬರ ಹಾಕಿರಿ. ಪ್ರತಿ ಮಡಿಯಲ್ಲಿಯೂ ಒಂದೇ ದಿನ ಬಿತ್ತಿದ, ಒಂದೇ ಎತ್ತರದ ನಾಲ್ಕು ಬದನೆಯ ಸಸಿಗಳನ್ನು ನಡುವಿನಿಂದ ಒಂದು ಗೇಣು ದೂರದಲ್ಲಿ ನೆಡಿರಿ. ಮೊದಲನೆಯ ವಾರ, ಸಸಿಗಳು ಬೇರು ಹಿಡಿಯುವವರೆಗೆ, ಎಲ್ಲಕ್ಕೂ ಒಂದೇ ಬಗೆಯಲ್ಲಿ ನೀರು ಕೊಡಿರಿ. ಅನಂತರ ಐದು ಬಗೆಗಳಿಗೆ ಎರಡೆರಡು ಮಡಿಗಳನ್ನು ಹಂಚಿರಿ.

ಯಾವ ಮಡಿಗೆ ಯಾವ ಬಗೆಯೆಂಬುದನ್ನು ನಮ್ಮ ಇಷ್ಟದಂತೆ ಆರಿಸಬಾರದು; ಚೀಟಿ ಎತ್ತಿ ಗೊತ್ತುಮಾಡಬೇಕು. ಏಕೆಂದರೆ ಮನುಷ್ಯನು ತನಗೆ ಪ್ರಿಯವಾದ ಬಗೆಗೆ ತಿಳಿಯದೆಯೇ ಒಳ್ಳೆಯ ಜಾಗವನ್ನು ಕೊಟ್ಟುಬಿಡುವನು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಆರ್. ಎ. ಫಿಷರ್ ಎಂಬ ಗಣಿತಜ್ಞರು ಚೀಟಿ ಎತ್ತಿದಂತೆ ಹಂಚುವ ಈ ಕ್ರಮವನ್ನು ಹೊಲದ ಪ್ರಯೋಗಗಳಲ್ಲಿ ನೆಲೆಗೊಳಿಸಿದರು. ಒಂದೊಂದು ಬಗೆಗೆ ಎರಡು ಮಡಿ ಇಡುವುದಕ್ಕೂ ಕಾರಣವುಂಟು. ಒಂದೇ ಮಡಿಯಿದ್ದರೆ, ಗಿಡವು ಸೊರಗಿದುದು ನೀರಿನ ಬಗೆಯಿಂದಲೋ ನೆಲದಡಿಯ ಗೆದ್ದಲಿನಿಂದಲೋ ತಿಳಿಯದು.

ಇನ್ನು ನೀರಿನ ಅಳತೆ. ಗಡಿಗೆಯನ್ನು ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಕಂಠದವರೆಗೆ ತುಂಬಿರಿ. ತುಂಬಲು ಎಷ್ಟು ನೀರು ಹಿಡಿಯಿತೆಂದು ಲೀಟರಿನಿಂದ ಅಳೆಯಿರಿ. ಎರಡು ಗಡಿಗೆಗಳ ಸರಾಸರಿ ಎಷ್ಟು ಬಂದಿತೋ ಅಷ್ಟೇ ನೀರನ್ನು ಉಳಿದ ಪ್ರತಿಯೊಂದು ಮಡಿಗೂ ಅದೇ ಬೆಳಿಗ್ಗೆ ಅದರದರ ಬಗೆಯಲ್ಲಿ ಕೊಡಿರಿ. ಹೀಗೆ ಮಾಡಿದರೆ ನೀರಿನ ಪ್ರಮಾಣವು ಎಲ್ಲಕ್ಕೂ ಸಮನಾಗಿ, ಬಗೆ ಮಾತ್ರ ಬೇರೆಯಾಗುವುದು. ಒಂದನ್ನು ಬದಲಿಸಿ ಉಳಿದೆಲ್ಲವನ್ನೂ ಸಮನಾಗಿಡುವುದೇ ಪ್ರಯೋಗದ ಜೀವಾಳ.

ಅಳತೆಗೆ ಎರಡು ಸುಲಭ ಸೂತ್ರಗಳಿವೆ. ಒಂದು ಚದರ ಮೀಟರಿನ ಮೇಲೆ ಒಂದು ಲೀಟರು ನೀರು ಸಮನಾಗಿ ಬಿದ್ದರೆ ಅದು 1 ಮಿಲಿಮೀಟರು ಮಳೆಗೆ ಸಮ. ಎರಡನೆಯದು, ಸುಮಾರು 20 ಹನಿಗಳು ಕೂಡಿದರೆ 1 ಮಿಲಿಲೀಟರು. ಕ್ಷಣಕ್ಕೆ, ಎಂದರೆ ಸೆಕೆಂಡಿಗೆ, ಒಂದು ಹನಿ ಬೀಳುವ ನಳದಿಂದ ಒಂದು ದಿನಕ್ಕೆ 86,400 ಹನಿ, ಎಂದರೆ ನಾಲ್ಕು ಲೀಟರಿಗೂ ಹೆಚ್ಚು ನೀರು ಹೋಗುವುದು. ‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ಗಾದೆಯನ್ನು ಮಕ್ಕಳು ಹೀಗೆ ಲೆಕ್ಕಮಾಡಿ ನೋಡಬಹುದು.

ಗಡಿಗೆಯ ವಿಷಯದಲ್ಲಿ ಮೂರು ಎಚ್ಚರಿಕೆಗಳು: ಅದು ಬಣ್ಣವನ್ನಾಗಲಿ ಹೊಳಪನ್ನಾಗಲಿ ಬಳಿಯದ ಹೊಸ ಗಡಿಗೆಯಾಗಿರಬೇಕು, ಗಡುಸು ನೀರನ್ನು ಬಹುಕಾಲ ತುಂಬಿದ ಹಳೆಯ ಗಡಿಗೆಯ ರಂಧ್ರಗಳು ಸುಣ್ಣದಂಶದಿಂದ ಕಟ್ಟಿಹೋಗಿರುತ್ತವೆ. ಹೂಳುವ ಮುಂಚೆ ನೀರು ತುಂಬಿ ಒಂದು ದಿನ ಇಟ್ಟು, ಹೊರಮೈ ತೇವವಾಗುವುದೇ ಎಂದು ಪರೀಕ್ಷಿಸಬೇಕು. ಬಾಯಿಯನ್ನು ಭದ್ರವಾಗಿ ಮುಚ್ಚಿರಬೇಕು. ಇಲ್ಲವಾದರೆ ಡೆಂಗಿ ಜ್ವರದ ಸೊಳ್ಳೆಗಳಿಗೆ ಅದೇ ತೊಟ್ಟಿಲಾಗುವುದು.

ಮನೆಯಲ್ಲಿ ಜಾಗ ಕಡಿಮೆಯಿದ್ದವರು ಎರಡು ಬಗೆಗಳನ್ನು ಆರಿಸಿ ನಾಲ್ಕು ಮಡಿಗಳಲ್ಲಿಯೇ ಪ್ರಯೋಗ ಮಾಡಬಹುದು.

5. ನೋಡಿ ಬರೆದಿಡತಕ್ಕ ವಿಷಯಗಳು

ನೋಟುಪುಸ್ತಕದಲ್ಲಿ ತಾರೀಖು, ಕೊಟ್ಟ ನೀರು, ಗಿಡದ ಎತ್ತರ, ಹೂಗಳ ಸಂಖ್ಯೆ, ಕೊಯ್ದ ಕಾಯಿಗಳ ತೂಕ ಇವುಗಳಿಗೆ ಒಂದೊಂದು ಅಂಕಣ ಹಾಕಿರಿ. ನೀರು ಕೊಟ್ಟ ಮರುದಿನ ಬೆಳಿಗ್ಗೆ ಪ್ರತಿ ಮಡಿಯಲ್ಲಿಯೂ ಬೇರಿಗೆ ಪೆಟ್ಟಾಗದಂತೆ ಒಂದು ಬೆರಳುದ್ದ ಮಣ್ಣನ್ನು ಕೆದಕಿ, ತೇವವಿದೆಯೋ ಇಲ್ಲವೋ ಎಂಬುದನ್ನೂ ಬರೆಯಿರಿ. ಮೇಲೆ ಒಣಗಿ ಕಂಡ ಮಣ್ಣು ಒಳಗೆ ತೇವವಾಗಿರಬಹುದು. ಮೇಲೆ ಒದ್ದೆಯಾದುದು ಒಳಗೆ ಧೂಳಾಗಿರಬಹುದು. ಕಣ್ಣಿಗಿಂತ ಬೆರಳು ಇಲ್ಲಿ ಒಳ್ಳೆಯ ಸಾಕ್ಷಿ.

ಮಧ್ಯಾಹ್ನ ಎಲೆ ಬಾಡಿದ ಮಾತ್ರಕ್ಕೆ ಗಿಡಕ್ಕೆ ಬಾಯಾರಿಕೆಯಾಗಿದೆಯೆಂದು ಕೊಡವನ್ನೆತ್ತಬಾರದು. ಕಡುಬಿಸಿಲಿನಲ್ಲಿ ಬೇರು ಹೀರುವುದಕ್ಕಿಂತ ಬೇಗನೆ ಎಲೆಯಿಂದ ನೀರು ಹೋಗುವುದರಿಂದ, ತೇವದ ಮಣ್ಣಿನಲ್ಲಿರುವ ಗಿಡವೂ ಬಾಡಿದಂತೆ ಕಾಣುವುದು. ಸಂಜೆಗೆ ತಾನಾಗಿಯೇ ಚೇತರಿಸಿಕೊಳ್ಳುವುದು. ಬೆಳಗಿನ ಹೊತ್ತಿನಲ್ಲಿಯೂ ಎಲೆ ಬಾಡಿದ್ದು ಮಣ್ಣೂ ಒಣಗಿದ್ದರೆ ಗಿಡಕ್ಕೆ ನೀರು ನಿಜವಾಗಿ ಬೇಕೆಂದು ತಿಳಿಯಿರಿ.

6. ಏನನ್ನು ನಿರೀಕ್ಷಿಸಬಹುದು?

ಮೇಲಿನಿಂದ ಸ್ವಲ್ಪಸ್ವಲ್ಪವಾಗಿ ಚಿಮುಕಿಸಿದ ನೀರು ಮೇಲಿನ ಪದರದಲ್ಲಿಯೇ ನಿಂತು, ಬೇಸಗೆಯಲ್ಲಿ ಬೇಗ ಆವಿಯಾಗುವುದು. ಬೇರುಗಳೂ ಮೇಲೆಯೇ ಹರಡಿ, ಒಂದು ದಿನ ನೀರು ತಪ್ಪಿದರೂ ಸೊರಗುವುವು. ಹೊದಿಕೆಯು ಮಣ್ಣಿಗೆ ನೆರಳಾಗಿ ಆವಿಯನ್ನು ತಡೆಯುವುದು. ಗಡಿಗೆಯೂ ಹನಿಯೂ ಬೇರಿನ ಬಳಿಯನ್ನು ಮಾತ್ರ ತೋಯಿಸುವುದರಿಂದ ಕಳೆಯೂ ಕಡಿಮೆ. ಆದರೆ ಝಾರಿಯನ್ನು ಎಸೆಯಬೇಕಾದುದಿಲ್ಲ. ಕೊತ್ತಂಬರಿ, ಮೆಂತ್ಯದ ಸೊಪ್ಪುಗಳಂತಹ ಒತ್ತಾಗಿ ಬಿತ್ತಿದ ಮಡಿಗೂ ಎಳೆಯ ಸಸಿಗಳಿಗೂ ಅದಕ್ಕಿಂತ ಅನುಕೂಲವಾದುದಿಲ್ಲ. ಗಡಿಗೆಯು ಅಂತರ ಬಿಟ್ಟು ಬೆಳೆಯುವ ಬದನೆ, ಸೋರೆ, ಹೀರೆ, ಕರಬೂಜಗಳಿಗೆ ಹೆಚ್ಚು ತಕ್ಕದ್ದು.

ಮಣ್ಣಿನ ಗುಣವನ್ನು ಮರೆಯಬಾರದು. ನಮ್ಮ ಜಿಲ್ಲೆಯಲ್ಲಿ ಎರೆಯೆಂಬ ಕರಿಮಣ್ಣೂ ಉಂಟು, ಮಸಾರಿಯೆಂಬ ಕೆಂಪು ಮಣ್ಣೂ ಉಂಟು. ಎರೆಯ ಕಣಗಳು ಅತಿ ಸೂಕ್ಷ್ಮವಾದುದರಿಂದ ತೇವವು ಅಕ್ಕಪಕ್ಕಕ್ಕೆ ಹರಡುವುದು. ಒಣಗಿದಾಗ ನೆಲ ಬಿರಿದು, ಸುರಿದ ನೀರು ಬಿರುಕುಗಳೊಳಗೆ ಇಳಿದುಹೋಗುವುದು. ಮರಳು ಬೆರೆತ ಮಸಾರಿಯಲ್ಲಿ ನೀರು ನೇರವಾಗಿ ಕೆಳಗಿಳಿಯುವುದು. ಆದುದರಿಂದ ಶಹಾಪುರದ ಎರೆಯಲ್ಲಿ ಗೆದ್ದ ಬಗೆಯು ಯಾದಗಿರಿಯ ಮಸಾರಿಯಲ್ಲಿಯೂ ಅಷ್ಟೇ ಗೆಲ್ಲುವುದೆಂದು ಹೇಳಲಾಗದು. ಪರರ ಹೊಲದ ಫಲಿತಾಂಶವನ್ನು ಗೌರವಿಸಿರಿ; ನಂಬುವ ಮುಂಚೆ ನಿಮ್ಮ ನೆಲದಲ್ಲಿ ಅಳೆಯಿರಿ.

ನೀರು ಹೆಚ್ಚಾದರೆ ಗಿಡಕ್ಕೆ ಒಳ್ಳೆಯದೆಂಬ ನಂಬಿಕೆಯೂ ಸರಿಯಲ್ಲ. ಬೇರುಗಳಿಗೂ ಗಾಳಿ ಬೇಕು; ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿದರೆ ಬೇರು ಕೊಳೆಯುವುದು. ಕೃಷ್ಣಾ, ತುಂಗಭದ್ರಾ ಕಾಲುವೆಗಳ ಅಚ್ಚುಕಟ್ಟಿನಲ್ಲಿ ಮಿತಿಮೀರಿ ನೀರು ಹಾಯಿಸಿದುದರಿಂದ ಅನೇಕ ಒಳ್ಳೆಯ ಹೊಲಗಳು ಸವಳು, ಜವಳು ಹಿಡಿದಿವೆ. ನೀರಿಲ್ಲದೆ ಕೆಟ್ಟ ಭೂಮಿ ಮಳೆ ಬಂದರೆ ಚಿಗುರುವುದು. ನೀರು ಹೆಚ್ಚಾಗಿ ಕೆಟ್ಟ ಭೂಮಿಯನ್ನು ತಿರುಗಿ ಪಡೆಯುವುದು ಬಹು ಕಷ್ಟ.

7. ಕೇಳಿದ ಮಾತು, ಪರೀಕ್ಷಿಸಿದ ಮಾತು

ನಡುಮಧ್ಯಾಹ್ನ ನೀರೆರೆದರೆ ಎಲೆಯ ಮೇಲಿನ ಹನಿಗಳು ಬಿಸಿಲನ್ನು ಭೂತಗನ್ನಡಿಯಂತೆ ಒಟ್ಟುಗೂಡಿಸಿ ಎಲೆಯನ್ನು ಸುಡುವುವೆಂದು ಅನೇಕರು ಹೇಳುವರು. ಹಂಗೇರಿಯ ಗಾಬೋರ್ ಹೊರ್ವಾತ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ನುಣುಪಾದ ಎಲೆಗಳ ಮೇಲೆ ಹನಿಗಳಿಂದ ಸುಟ್ಟ ಗಾಯ ಕಾಣಲಿಲ್ಲ. ರೋಮಗಳು ಹನಿಯನ್ನು ಎಲೆಯಿಂದ ಮೇಲಕ್ಕೆ ಎತ್ತಿ ಹಿಡಿಯುವ ಕೆಲವು ಗಿಡಗಳಲ್ಲಿ ಮಾತ್ರ ಸುಡುವ ಸಂಭವ ಕಂಡಿತು. ಮಧ್ಯಾಹ್ನ ನೀರೆರೆಯಬಾರದೆಂಬ ಬುದ್ಧಿಮಾತು ಆದರೂ ಸರಿಯೇ, ಏಕೆಂದರೆ ಆಗ ಆವಿಯಾಗಿ ಹೋಗುವ ನೀರು ಹೆಚ್ಚು. ಮಾತು ಸರಿ, ಹೇಳಿದ ಕಾರಣ ಸರಿಯಲ್ಲ. ಹಿರಿಯರ ಮಾತನ್ನು ಹೀಗೆ ಪರೀಕ್ಷಿಸುವುದು ಅವರಿಗೆ ಅಗೌರವವಲ್ಲ. ಅದರಲ್ಲಿರುವ ಸತ್ಯವನ್ನು ಉಳಿಸಿಕೊಳ್ಳುವ ದಾರಿಯೇ ಅದು.

ಹೆಣ್ಣುಮಕ್ಕಳಿಗೆ ಈ ಅಭ್ಯಾಸವು ವಿಶೇಷವಾಗಿ ಬೇಕು. ಹೊಲದ ವಿಷಯದಲ್ಲಿಯೂ ಮನೆಯ ಖರ್ಚಿನ ವಿಷಯದಲ್ಲಿಯೂ “ನಿನಗೇನು ತಿಳಿಯುತ್ತದೆ?” ಎಂಬ ಮಾತನ್ನು ಅವರು ಬೇಗನೆ ಕೇಳಬೇಕಾಗುವುದು. ಆಗ ಎದುರುತ್ತರಕ್ಕಿಂತ ಮೂರು ತಿಂಗಳ ಅಳತೆಯುಳ್ಳ ನೋಟುಪುಸ್ತಕವೇ ಹೆಚ್ಚು ಬಲವಾಗಿ ಮಾತನಾಡುವುದು. ಇಂತಹ ಪುಸ್ತಕವನ್ನು ಮಗಳು ತಂದು ತೋರಿಸಿದರೆ, ಪೋಷಕರು ದಯವಿಟ್ಟು ಕುಳಿತು ಓದಿ, ಮುಂದಿನ ಬೇಸಗೆಯಲ್ಲಿ ಅದರಂತೆ ನಡೆದು ನೋಡಬೇಕು.

8. ಅಭ್ಯಾಸ

(1) ನಿಮ್ಮ ಮನೆಯ ಕೊಡಕ್ಕೆ ಎಷ್ಟು ಲೀಟರು ಹಿಡಿಯುವುದು? ಹಿತ್ತಿಲಿಗೆ ದಿನಕ್ಕೆ ಎಷ್ಟು ಲೀಟರು ಹೋಗುವುದು? ಅದನ್ನು ತರುವವರು ಯಾರು, ಎಷ್ಟು ಹೆಜ್ಜೆ ನಡೆದು?

(2) 2 ಮೀಟರು ಉದ್ದ, 1 ಮೀಟರು ಅಗಲದ ಮಡಿಗೆ 10 ಲೀಟರು ನೀರೆರೆದರೆ ಎಷ್ಟು ಮಿಲಿಮೀಟರು ಮಳೆಗೆ ಸಮ?

(3) ಹತ್ತು ಮಡಿಗಳ ಪ್ರಯೋಗದಲ್ಲಿ ಗಡಿಗೆಯ ಮಡಿಗಳಿಗೆ ಮಾತ್ರ ಹೊದಿಕೆಯನ್ನೂ ಹಾಕಿದರೆ ಆಗುವ ದೋಷವೇನು?

(4) ಪಾತ್ರೆ, ಕೈಕಾಲು ತೊಳೆದ ನೀರನ್ನು ಉಪಯೋಗಿಸಬೇಕಾದರೆ ಐದು ಬಗೆಗಳಲ್ಲಿ ಯಾವುದು ತಕ್ಕದ್ದು, ಯಾವುದು ತಕ್ಕದ್ದಲ್ಲ? ಕಾರಣವನ್ನು ಬರೆಯಿರಿ.

ಮುಂಗಾರು ಮಳೆ ಹಿಡಿಯುವ ಮುಂಚೆ, ಫೆಬ್ರವರಿಯಿಂದ ಮೇ ತಿಂಗಳವರೆಗೆ, ಈ ಪ್ರಯೋಗಕ್ಕೆ ಸರಿಯಾದ ಕಾಲ. ಮಾಡಿದವರು ತಮ್ಮ ಮಣ್ಣಿನ ಜಾತಿ, ಕೊಟ್ಟ ನೀರು, ಬಂದ ಕಾಯಿಯ ತೂಕ ಇವನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಗೆ ಕಳುಹಿಸಿಕೊಡಬೇಕೆಂದು ಪ್ರಾರ್ಥನೆ. ನಿರೀಕ್ಷೆಗೆ ವಿರುದ್ಧವಾದ ಫಲ ಬಂದರೆ ಅದನ್ನೂ ಹಾಗೆಯೇ ಬರೆಯಿರಿ. ಈಗಿನ ವಿದ್ಯಾರ್ಥಿನಿಯರಿಗೆ ಅದರಿಂದಲೇ ಹೆಚ್ಚು ಕಲಿಯಲು ಸಿಕ್ಕೀತು.